ಮೋಟಾರು ಸೈಕಲ್ಲಿನ ಯಾತ್ರೆಯೂ ಸಂಚಾರಧರ್ಮವೂ

ವಿದ್ಯೆ, ದಾಸೋಹ, ಶ್ರೀಮಠದ ಪರಂಪರೆ ಇವುಗಳನ್ನು ಕುರಿತ ಲೇಖನಗಳ ನಡುವೆ ಮೋಟಾರು ಸೈಕಲ್ಲಿನ ಮಾತು ಬಂದುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನಮ್ಮ ಸಂಸ್ಥೆಯಲ್ಲಿ ಓದಿ ಈಗ ಇಂಗ್ಲೆಂಡಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗುಂಪುಗೂಡಿ, ಆ ನಾಡಿನ ರಾಷ್ಟ್ರೀಯ ಉದ್ಯಾನಗಳ ಬೆಟ್ಟದ ಹಾದಿಗಳಲ್ಲಿ ಮೋಟಾರು ಸೈಕಲ್ಲುಗಳ ಮೇಲೆ ಸಂಚರಿಸಿ ಬಂದ ಸುದ್ದಿಯು ನಮ್ಮಲ್ಲಿ ಎರಡು ಅಭಿಪ್ರಾಯಗಳನ್ನು ಹುಟ್ಟಿಸಿದೆ. "ಇದು ಉಳ್ಳವರ ವಿಲಾಸ, ಈ ವೆಚ್ಚದಲ್ಲಿ ಪ್ರಸಾದ ನಿಲಯದ ಎಷ್ಟು ಮಕ್ಕಳ ಊಟ ನಡೆಯುತ್ತಿತ್ತು!" ಎಂಬುದು ಹಿರಿಯರ ಮಾತು. "ದುಡಿದವನು ತನ್ನ ಬಿಡುವನ್ನು ಹೇಗೆ ಕಳೆದರೇನು? ರಸ್ತೆ ಎಲ್ಲರದು" ಎಂಬುದು ಕಿರಿಯರ ಮಾತು. ಇವೆರಡೂ ಅರ್ಧಸತ್ಯಗಳೆಂದು ನನ್ನ ನಂಬುಗೆ. ಯಾತ್ರೆಯು ತಪ್ಪಲ್ಲ, ಆದರೆ ಯಾತ್ರೆಗೊಂದು ಧರ್ಮವುಂಟು. ಆ ಧರ್ಮವನ್ನು ಕಲಿತು ಬಂದವರಿದ್ದರೆ ಅವರಿಂದ ನಮ್ಮ ಶಾಲೆಯ ಮಕ್ಕಳಿಗೆ ಆಗಬೇಕಾದ ಉಪಕಾರವೂ ಉಂಟು. ಇದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಧರ್ಮದಲ್ಲಿ ಸಂಚಾರಕ್ಕೆ ಇರುವಷ್ಟು ಗೌರವ ಬೇರೆಡೆ ವಿರಳ. 'ಜಂಗಮ' ಎಂಬ ಶಬ್ದವೇ ಹೋಗುವುದು ಎಂಬರ್ಥದ 'ಗಮ್' ಧಾತುವಿನಿಂದ ಬಂದುದು. ಮತ್ತೆ ಮತ್ತೆ ಚಲಿಸುವುದು ಎಂಬುದು ಅದರ ಭಾವ. ಆದರೆ ಚಲಿಸುವುದೆಲ್ಲ ಜಂಗಮವಾದರೆ ಗಾಳಿಗೆ ಹಾರುವ ತರಗೆಲೆಯೂ ಜಂಗಮವಾದೀತು. ಊರಿಂದೂರಿಗೆ ಹೋಗುವಾತನು ಆಯಾ ಊರಿನ ಅಂಗಳದ ಮರ್ಯಾದೆಯನ್ನು ಕಾಯ್ದು, ಅಲ್ಲಿಯವರಿಗೆ ಭಾರವಾಗದೆ, ಹೋದ ಮೇಲೂ ಒಳ್ಳೆಯ ನೆನಪನ್ನು ಉಳಿಸಿದಾಗ ಮಾತ್ರ ಆ ಸಂಚಾರಕ್ಕೆ ಬೆಲೆ. ಕಾಲ್ನಡಿಗೆಗೆ ಸಲ್ಲುವ ಈ ಮಾತು ಯಂತ್ರವಾಹನಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಏಕೆಂದರೆ ವಾಹನದ ಬಲ ಹೆಚ್ಚಿದಷ್ಟೂ ಅದರಿಂದ ಪರರಿಗೆ ಆಗಬಹುದಾದ ಕೇಡೂ ಹೆಚ್ಚು.

ನಮ್ಮವರು ಸಂಚರಿಸಿದ ನೆಲವೆಂತಹುದು? ಅದು ಕಾಡಲ್ಲ, ಹೊಲವೂ ಅಲ್ಲ. 'ಮೂರ್' ಎಂದು ಆ ಜನರು ಕರೆಯುವ, ಮರಗಳಿಲ್ಲದ ಎತ್ತರದ ಬಯಲು. ಬಾಬಾಬುಡನ್‌ಗಿರಿಯ ಹುಲ್ಲುಬೆಟ್ಟಗಳನ್ನು ಬಲ್ಲವರಿಗೆ ಅದರ ನೋಟದ ಅಂದಾಜು ಸ್ವಲ್ಪಮಟ್ಟಿಗೆ ಆದೀತು. ಮಳೆ, ಮಂಜು, ಗಾಳಿಗಳಿಗೆ ಅದು ತವರು. ಹೀದರ್ ಎಂಬ ಕುರುಚಲು ಗಿಡವು ಆಗಸ್ಟ್ ತಿಂಗಳಲ್ಲಿ ಹೂಬಿಟ್ಟಾಗ ಬೆಟ್ಟಕ್ಕೆ ಬೆಟ್ಟವೇ ನಸುನೇರಳೆ ಬಣ್ಣಕ್ಕೆ ತಿರುಗುತ್ತದೆ. ಅನೇಕ ಕಡೆ ಅದರ ಅಡಿಯಲ್ಲಿರುವುದು ಪೀಟ್ ಎಂಬ ಕರಿಯ ಮಣ್ಣು. ನೀರು ನಿಂತ ನೆಲದಲ್ಲಿ ಸಸ್ಯಗಳು ಪೂರ್ಣವಾಗಿ ಕೊಳೆಯದೆ ಪದರಪದರವಾಗಿ ಶೇಖರವಾದ ಈ ಮಣ್ಣು ಒಂದು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರು. ಒಂದು ಗೇಣಿನಷ್ಟು ಮಣ್ಣಾಗಲು ಎರಡು ಶತಮಾನಗಳು ಬೇಕು. ದಾರಿ ಬಿಟ್ಟು ನುಗ್ಗಿದ ಒಂದು ಚಕ್ರವು ಅದನ್ನು ಕ್ಷಣಮಾತ್ರದಲ್ಲಿ ಸೀಳಬಲ್ಲದು.

ಈ ಬೆಟ್ಟಗಳು ಸಾಮಾನ್ಯ ಜನರಿಗೆ ಸುಲಭವಾಗಿ ತೆರೆದುಕೊಂಡವಲ್ಲ. ಅವುಗಳಲ್ಲಿ ಬಹುಭಾಗವು ಭೂಮಾಲೀಕರು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಕಾಯ್ದಿರಿಸಿಕೊಂಡ ನೆಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಮೊದಲಾದ ಕೈಗಾರಿಕಾ ನಗರಗಳ ನೂರಾರು ಮಂದಿ ತರುಣರು, ಬೆನ್ನಿ ರಾತ್‌ಮನ್ ಎಂಬಾತನ ಮುಂದಾಳುತನದಲ್ಲಿ ಕಿಂಡರ್ ಸ್ಕೌಟ್ ಎಂಬ ನಿಷಿದ್ಧ ಬೆಟ್ಟವನ್ನು ಹತ್ತಿದರು. ಬೇಟೆಗಾವಲಿನವರೊಡನೆ ಕೈಕೈ ಮಿಲಾಯಿಸಿತು. ರಾತ್‌ಮನ್ನನೂ ಅವನ ಕೆಲವು ಸಂಗಡಿಗರೂ ಸೆರೆಮನೆ ಸೇರಿದರು. ವಾರವೆಲ್ಲ ಹೊಗೆಯಲ್ಲಿ ದುಡಿಯುವ ಬಡವನಿಗೆ ವಾರಕ್ಕೊಂದು ದಿನ ಶುದ್ಧವಾದ ಗಾಳಿ ಸಲ್ಲಬಾರದೇ ಎಂಬ ಆ ಪ್ರಶ್ನೆ ಮಾತ್ರ ಸೆರೆಯಾಗಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನವಾಯಿತು. 1951ರಲ್ಲಿ ಕಿಂಡರ್ ಸ್ಕೌಟನ್ನು ಒಳಗೊಂಡ ಪೀಕ್ ಡಿಸ್ಟ್ರಿಕ್ಟ್ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಡಾರ್ಟ್‌ಮೂರ್, ಮರುವರ್ಷ ನಾರ್ತ್ ಯಾರ್ಕ್ ಮೂರ್ಸ್, 1954ರಲ್ಲಿ ಎಕ್ಸ್‌ಮೂರ್ ಹೀಗೆ ಒಂದೊಂದಾಗಿ ಸೇರಿ ಇಂದು ಬ್ರಿಟನ್ನಿನಲ್ಲಿ ಇವು 15 ಆಗಿವೆ. 2000ದ ಶಾಸನವು ಇಂಗ್ಲೆಂಡು ಮತ್ತು ವೇಲ್ಸ್‌ಗಳ ಮೂರ್ ಬಯಲುಗಳಲ್ಲಿ ಎಲ್ಲರಿಗೂ ತಿರುಗಾಡುವ ಹಕ್ಕನ್ನು ನೀಡಿತು. ಆದರೆ ಆ ಹಕ್ಕು ದೊರೆತದ್ದು ಪಾದಚಾರಿಗೆ; ಚಕ್ರಕ್ಕಲ್ಲ. ವಾಹನವು ರಸ್ತೆಯ ಮೇಲೆಯೇ ಇರತಕ್ಕದ್ದು. ನಡೆದವರು ಸೆರೆಮನೆಗೆ ಹೋಗಿ ಗಳಿಸಿದ ನೆಲದಲ್ಲಿ ತಾವು ಅತಿಥಿಗಳೆಂಬುದನ್ನು ವಾಹನದ ಮೇಲೆ ಹೋಗುವವರು ಮರೆಯಲಾಗದು.

ಇನ್ನೊಂದು ಭೇದವನ್ನೂ ಗಮನಿಸಬೇಕು. ನಮ್ಮಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ದನಕರುಗಳ ಮೇವಿಗೂ ಅವಕಾಶವಿಲ್ಲದ ಕಾಡು. ಬ್ರಿಟನ್ನಿನಲ್ಲಿ ಹಾಗಲ್ಲ. ಉದ್ಯಾನದ ಎಲ್ಲೆಯೊಳಗೆ ಊರುಗಳಿವೆ, ಹೊಲಮನೆಗಳಿವೆ, ಶಾಲೆಗಳಿವೆ. ಭೂಮಿಯ ಬಹುಭಾಗ ಇಂದಿಗೂ ಖಾಸಗಿಯವರದು. ಬೇಲಿಯಿಲ್ಲದ ರಸ್ತೆಯ ಇಕ್ಕೆಲಗಳಲ್ಲಿ ಕುರಿಗಳು, ದನಗಳು, ಡಾರ್ಟ್‌ಮೂರಿನಲ್ಲಾದರೆ ತಟ್ಟು ಕುದುರೆಗಳೂ ಮೇಯುತ್ತವೆ. ಮಳೆ ಬಂದರೆ ರಸ್ತೆಯ ಮೇಲೆಯೇ ನಿಲ್ಲುತ್ತವೆ. ಅವು ಆಚೆಗೆ ಹೋಗದಂತೆ ರಸ್ತೆಗೆ ಅಡ್ಡಲಾಗಿ ಹಳ್ಳದ ಮೇಲೆ ಕಬ್ಬಿಣದ ಸರಳುಗಳನ್ನು ಹಾಸಿರುತ್ತಾರೆ. ಮಳೆಯಲ್ಲಿ ನೆನೆದಾಗ ಇರ್ಚಕ್ರದ ವಾಹನಕ್ಕೆ ಅದೂ ಒಂದು ಗಂಡಾಂತರ. ಡಾರ್ಟ್‌ಮೂರಿನ ಬೇಲಿಯಿಲ್ಲದ ಹಾದಿಗಳಲ್ಲಿ ಗಂಟೆಗೆ 40 ಮೈಲಿಗಿಂತ ಹೆಚ್ಚು ವೇಗ ಕೂಡದೆಂಬ ನಿಯಮವಿದೆ. ಹಾಗಿದ್ದೂ ವರ್ಷವರ್ಷವೂ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಲೇ ಇವೆ.

ಆ ಕುರಿಯ ವಿಷಯವಾಗಿ ಅಧ್ಯಾಪಕರು ಕೇಳಬೇಕಾದ ಸಂಗತಿಯೊಂದಿದೆ. ಬೇಲಿಯಿಲ್ಲದ ಬೆಟ್ಟದಲ್ಲಿ ಪ್ರತಿಯೊಂದು ಹಿಂಡೂ ತನ್ನದೇ ಆದ ಮೇವಿನ ಸೀಮೆಯನ್ನು ಬಿಟ್ಟು ಹೋಗದು. ಆ ಸೀಮೆಯನ್ನು ಅಲ್ಲಿಯವರು 'ಹೆಫ್ಟ್' ಎನ್ನುತ್ತಾರೆ. ಅದನ್ನು ಮರಿಗೆ ಕಲಿಸುವುದು ತಾಯಿಕುರಿ. ತಾಯಿಯ ಬೆನ್ನ ಹಿಂದೆ ನಡೆದು ಮರಿ ಕಲಿಯುತ್ತದೆ. ತಾನು ತಾಯಾದಾಗ ತನ್ನ ಮರಿಗೆ ಕಲಿಸುತ್ತದೆ. 2001ರಲ್ಲಿ ಕಾಲುಬಾಯಿ ಜ್ವರದ ನಿವಾರಣೆಗಾಗಿ ಆ ದೇಶದಲ್ಲಿ ಲಕ್ಷಾಂತರ ಪ್ರಾಣಿಗಳನ್ನು ಕೊಂದಾಗ ಹಲವು ಬೆಟ್ಟಗಳಲ್ಲಿ ಇಂತಹ ಹಿಂಡುಗಳು ನಾಶವಾದವು. ಹಣ ಕೊಟ್ಟು ಬೇರೆ ಕುರಿಗಳನ್ನು ತಂದರೂ ಅವುಗಳಿಗೆ ಸೀಮೆಯ ತಿಳಿವಳಿಕೆಯಿರಲಿಲ್ಲ. ಅದನ್ನು ಮತ್ತೆ ರೂಢಿಸಲು ರೈತರು ವರ್ಷಗಟ್ಟಲೆ ಶ್ರಮಿಸಬೇಕಾಯಿತು. ರಸ್ತೆಯಲ್ಲಿ ಒಂದು ತಾಯಿಕುರಿ ಸತ್ತರೆ ಹೋಗುವುದು ಮಾಂಸ ಉಣ್ಣೆಗಳ ಬೆಲೆಯಷ್ಟೇ ಅಲ್ಲ. ಕಲಿಸುವ ಪರಂಪರೆಯ ಒಂದು ಕೊಂಡಿ. ಗುರುಪರಂಪರೆಯ ಮಹತ್ವವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಸವಾರರ ಪ್ರಾಣದ ಮಾತು. ಮ್ಯಾಕಲ್ಸ್‌ಫೀಲ್ಡ್ ಮತ್ತು ಬಕ್ಸ್‌ಟನ್ ಊರುಗಳ ನಡುವೆ ಮೂರ್ ಬಯಲನ್ನು ಹಾಯುವ ಹಾದಿಯೊಂದಿದೆ. ಬೆಟ್ಟದ ನೆತ್ತಿಯ ಹಳೆಯ ವಿಶ್ರಾಂತಿಗೃಹವೊಂದರ ಹೆಸರಿನಿಂದ ಅದನ್ನು 'ಕ್ಯಾಟ್ ಅಂಡ್ ಫಿಡಲ್' ರಸ್ತೆ ಎನ್ನುತ್ತಾರೆ. ಅದರ ತಿರುವುಗಳ ಸೊಗಸೇ ಮೋಟಾರು ಸೈಕಲ್ಲಿನವರನ್ನು ದೂರದೂರದಿಂದ ಕರೆತಂದಿತು. ಆ ಸೊಗಸೇ ಅನೇಕರ ಪ್ರಾಣವನ್ನೂ ಕೊಂಡೊಯ್ದಿತು. ಬ್ರಿಟನ್ನಿನ ಅತ್ಯಂತ ಅಪಾಯಕರ ರಸ್ತೆಗಳ ಪಟ್ಟಿಯಲ್ಲಿ ಅದು ಹಲವು ಬಾರಿ ಮೊದಲ ಸ್ಥಾನದಲ್ಲಿತ್ತು. ಕೊನೆಗೆ ವೇಗಕ್ಕೆ ಗಂಟೆಗೆ 50 ಮೈಲಿಯ ಮಿತಿ ಹಾಕಿ, ಎರಡು ಸ್ಥಳಗಳ ನಡುವಣ ಸರಾಸರಿ ವೇಗವನ್ನು ಲೆಕ್ಕಹಾಕುವ ಕ್ಯಾಮೆರಾಗಳನ್ನು ನೆಡಬೇಕಾಯಿತು. ಸುಂದರವಾದ ದಾರಿ ಮೃತ್ಯುವಿನ ದಾರಿಯಾದುದು ಗುಂಪಿನಲ್ಲಿ ಹಿಂದೆ ಬೀಳಬಾರದೆಂಬ ಹಟ, ಮುಂದಿನವನನ್ನು ಮೀರಬೇಕೆಂಬ ಚಪಲ ಇಂತಹವುಗಳಿಂದಲೂ ಹೌದು. ಯಂತ್ರವನ್ನೊಂದೇ ದೂರಿ ಫಲವಿಲ್ಲ.

ಈ ಹಟಕ್ಕೆ ವಿವೇಕಿಗಳಾದ ಸವಾರರೇ ಕಂಡುಕೊಂಡ ಔಷಧವೊಂದುಂಟು. ಅದನ್ನು ಕೇಳಿದ ಮೇಲೆಯೇ ನಾನು ಈ ಲೇಖನವನ್ನು ಬರೆಯಬೇಕೆಂದು ನಿಶ್ಚಯಿಸಿದುದು. ಗುಂಪಿಗೆ ಒಬ್ಬ ಮುಂದಾಳು. ಕೊನೆಯಲ್ಲಿ ಒಬ್ಬ ಅನುಭವಸ್ಥ. ಇವರಿಬ್ಬರ ಸ್ಥಾನ ಬದಲಾಗದು. ಮುಂದಾಳನ್ನು ಯಾರೂ ಮೀರಿ ಹೋಗುವಂತಿಲ್ಲ. ದಾರಿ ಕವಲೊಡೆದಾಗ ಮುಂದಾಳು ಸನ್ನೆ ಮಾಡುತ್ತಾನೆ. ಅವನ ಹಿಂದಿರುವ ಎರಡನೆಯವನು ಕ್ಷೇಮವಾದೆಡೆಯಲ್ಲಿ ನಿಂತು, ಬರುವವರಿಗೆಲ್ಲ ತಿರುಗಬೇಕಾದ ದಿಕ್ಕನ್ನು ತೋರುತ್ತಾನೆ. ಎಲ್ಲರೂ ದಾಟಿ ಕೊನೆಯವನು ಕಣ್ಣಿಗೆ ಬಿದ್ದ ಮೇಲೆಯೇ ಅವನು ಹೊರಟು ಗುಂಪಿನ ಹಿಂಭಾಗವನ್ನು ಸೇರುತ್ತಾನೆ. ಅಷ್ಟರಲ್ಲಿ ಮೂರನೆಯವನು ಎರಡನೆಯವನಾಗಿರುತ್ತಾನೆ. ಮುಂದಿನ ಕವಲಿನಲ್ಲಿ ನಿಲ್ಲುವ ಸರದಿ ಅವನದು. ಹೀಗೆ ಸಂಜೆಯ ಹೊತ್ತಿಗೆ ಗುಂಪಿನ ಬಹುಮಂದಿ ಒಂದೊಂದು ಕವಲಿನಲ್ಲಿ ಪರರಿಗಾಗಿ ನಿಂತಿರುತ್ತಾರೆ. ಮುಂದಿನವನು ಕಣ್ಮರೆಯಾದರೂ ಹಿಂದಿನವನು ಗಾಬರಿಯಿಂದ ವೇಗ ಹೆಚ್ಚಿಸಬೇಕಾಗಿಲ್ಲ. ಕವಲಿನಲ್ಲಿ ತನಗಾಗಿ ಒಬ್ಬನು ನಿಂತಿರುವನೆಂಬ ಭರವಸೆ ಅವನಿಗಿದೆ. ಅದೇ ರೀತಿ ಪೆಟ್ರೋಲಿಗಾಗಿ ನಿಲ್ಲುವ ಸ್ಥಳವನ್ನು ಗೊತ್ತುಮಾಡುವುದು ಎಲ್ಲರಿಗಿಂತ ಚಿಕ್ಕ ಟ್ಯಾಂಕಿನ ವಾಹನವನ್ನು ನೋಡಿ. ದೊಡ್ಡದನ್ನು ನೋಡಿ ಅಲ್ಲ. ಮಂಜು ಮುಸುಕಿದ ಬೆಟ್ಟದ ಕವಲಿನಲ್ಲಿ, ಗೆಳೆಯರೆಲ್ಲ ಮುಂದೆ ಹೋದ ಮೇಲೆ, ಕಡೆಯವನೊಬ್ಬನಿಗಾಗಿ ಒಂಟಿಯಾಗಿ ನಿಲ್ಲುವುದು ಸಣ್ಣ ಸಂಯಮವಲ್ಲ. ನಿಂತವನು ಬೇಸತ್ತು ಹೊರಟುಬಿಟ್ಟರೆ ಇಡೀ ಏರ್ಪಾಡು ಅಲ್ಲಿಗೇ ಮುರಿಯುತ್ತದೆ.

ಈ ನಿಯಮವು ಗುಂಪಿನೊಳಗಿನ ಧರ್ಮವಾಯಿತು. ಗುಂಪಿಗೂ ನೆಲಕ್ಕೂ ನಡುವಣ ಧರ್ಮವನ್ನು ಆ ದೇಶದ ಕಾನೂನೇ ಹೇಳಿದೆ. ಉದ್ಯಾನಗಳಿಗೆ ಎರಡು ಉದ್ದೇಶಗಳು: ನಿಸರ್ಗದ ಚೆಲುವನ್ನು ಕಾಯುವುದು, ಜನರು ಅದನ್ನು ಅರಿತು ಆನಂದಿಸಲು ಅವಕಾಶ ಕಲ್ಪಿಸುವುದು. ಇವೆರಡಕ್ಕೂ ತಿಕ್ಕಾಟ ಬಂದು, ಬೇರೆ ಉಪಾಯದಿಂದ ಅದು ಬಗೆಹರಿಯದಾದಾಗ ಕಾಯುವುದಕ್ಕೇ ಪ್ರಾಧಾನ್ಯವೆಂದು 1974ರಲ್ಲಿ ಲಾರ್ಡ್ ಸ್ಯಾಂಡ್‌ಫರ್ಡ್ ಅವರ ಸಮಿತಿ ಹೇಳಿತು; 1995ರ ಪರಿಸರ ಶಾಸನದಲ್ಲಿ ಆ ತತ್ತ್ವ ಕಾನೂನಾಯಿತು. 2006ರ ಇನ್ನೊಂದು ಶಾಸನದಿಂದ ಡಾಂಬರಿಲ್ಲದ ಹಳೆಯ ಹಾದಿಗಳಲ್ಲಿ ವಾಹನಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಇಂಗ್ಲೆಂಡಿನ ಉದ್ಯಾನಗಳ ಆಡಳಿತಕ್ಕೆ ದೊರೆಯಿತು. ನಮ್ಮ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳನ್ನು ತಡೆಯುವ, 2009ರಲ್ಲಿ ಆರಂಭವಾದ ಏರ್ಪಾಡಿನ ಹಿಂದಿರುವುದೂ ಇದೇ ವಿವೇಕ. ರಸ್ತೆ ಎಲ್ಲರದೆಂಬುದು ನಿಜ. ಆ 'ಎಲ್ಲರ'ಲ್ಲಿ ಆನೆಯೂ ಕುರಿಯೂ ಸೇರಿವೆ.

ಈಗ ಹಿರಿಯರ ಆಕ್ಷೇಪಕ್ಕೆ ಬರೋಣ. ದಾಸೋಹವು ನಮ್ಮ ಸಂಸ್ಥೆಯ ಉಸಿರು. ದಾನಿಗಳ ಕೈ ಹಿಂದಾದರೆ ಪ್ರಸಾದ ನಿಲಯದ ಒಲೆ ಉರಿಯದು. ಆದರೂ ಕಾಯಕದಿಂದ ಗಳಿಸಿ, ತನ್ನ ಪಾಲಿನ ದಾಸೋಹವನ್ನು ಸಲ್ಲಿಸಿದವನ ವಿಶ್ರಾಂತಿಯ ಲೆಕ್ಕವನ್ನು ಕೇಳುವುದು ತರವಲ್ಲ. ದಾಸೋಹವು ದಂಡವಲ್ಲ, ವಿಹಾರದ ಮೇಲೆ ಹೇರುವ ಸುಂಕವೂ ಅಲ್ಲ. ಅವರಿಂದ ನಾವು ಕೇಳಬೇಕಾದುದು ಹಣಕ್ಕಿಂತ ಬೆಲೆಯುಳ್ಳ ಇನ್ನೊಂದು ವಸ್ತುವನ್ನು.

ನಮ್ಮ ಪ್ರೌಢಶಾಲೆಯ ಹುಡುಗರು ಅಣ್ಣನದೋ ತಂದೆಯದೋ ವಾಹನವನ್ನು ತೆಗೆದುಕೊಂಡು, ಪರವಾನಗಿಯಿಲ್ಲದೆ, ತಲೆಗೆ ಶಿರಸ್ತ್ರಾಣವಿಲ್ಲದೆ, ಒಂದೊಂದರ ಮೇಲೆ ಮೂವರು ಕುಳಿತು, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಜಾತ್ರೆಗೂ ಮದುವೆಗೂ ಹೋಗುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಬೆಳೆದ ಮಗನನ್ನು ರಸ್ತೆಗೆ ಕಳೆದುಕೊಂಡ ಮನೆ ಯಾವ ಊರಿನಲ್ಲಿಲ್ಲ? "ಓಡಿಸಬೇಡಿ" ಎಂಬ ನಮ್ಮ ಉಪದೇಶವನ್ನು ಅವರು ಕೇಳರು. ವಾಹನವನ್ನರಿಯದ ಪಂಡಿತನ ಮಾತೆಂದು ನಕ್ಕಾರು. ಆದರೆ ದೊಡ್ಡ ಮೋಟಾರು ಸೈಕಲ್ಲಿನ ಮೇಲೆ ಬೆಟ್ಟಗಳನ್ನು ದಾಟಿ ಬಂದ ಅಣ್ಣನೊಬ್ಬನು ಊರಿಗೆ ಬಂದಾಗ ತರಗತಿಯಲ್ಲಿ ನಿಂತು, "ವಯಸ್ಸು ತುಂಬಿ ಪರವಾನಗಿ ಪಡೆಯುವವರೆಗೆ ಮುಟ್ಟಬೇಡ, ಪಡೆದ ಮೇಲೆ ಮುಂದಿನವನನ್ನು ಮೀರಲು ಹೋಗಬೇಡ, ಹಿಂದಿನವನಿಗಾಗಿ ನಿಲ್ಲು" ಎಂದರೆ ಆ ಮಾತು ನಾಟುತ್ತದೆ. ಕರಿಹಲಗೆಯ ಮೇಲೆ ಒಂದು ಕವಲುದಾರಿಯನ್ನು ಬರೆದು ಎರಡನೆಯ ಸವಾರನ ಕೆಲಸವನ್ನು ತೋರಿಸಲು ಅರ್ಧ ಗಂಟೆ ಸಾಕು.

ಆದುದರಿಂದ ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಯಾತ್ರೆ ಹೊರಡುವವರನ್ನು ಹಳಿಯುವುದು ಬೇಡ. ಎಷ್ಟು ಮೈಲಿ ಹೋದಿರೆಂದು ಕೇಳಿ ಬೆರಗಾಗುವುದೂ ಬೇಡ. ಎಲ್ಲರೂ ಕ್ಷೇಮವಾಗಿ ಬಂದಿರಾ, ಹೋದ ನೆಲಕ್ಕೆ ನೋವಾಗಲಿಲ್ಲವಷ್ಟೆ, ಕವಲಿನಲ್ಲಿ ನಿಲ್ಲುವ ಸರದಿಯನ್ನು ಯಾರೂ ತಪ್ಪಿಸಲಿಲ್ಲವಷ್ಟೆ ಎಂದು ಕೇಳೋಣ. ಹೌದೆಂದು ಹೇಳಬಲ್ಲವರನ್ನು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆದು ಮಕ್ಕಳ ಮುಂದೆ ನಿಲ್ಲಿಸೋಣ. ಕಡೆಯವನನ್ನು ಬಿಟ್ಟು ಮುಂದೆ ಹೋಗದಿರುವುದೇ ಈ ವಿದ್ಯಾಸಂಸ್ಥೆಯನ್ನು ಕಟ್ಟಿದ ಪೂಜ್ಯರ ಸಂಕಲ್ಪವಾಗಿತ್ತು. ಆ ಸಂಕಲ್ಪವು ನಮ್ಮ ಮಕ್ಕಳಿಗೆ ರಸ್ತೆಯ ಮೇಲೂ ರಕ್ಷೆಯಾಗಲಿ.