ಇಪ್ಪತ್ತರಲ್ಲೇ ಸೊಂಟದ ಕೀಲು ನೋವೇ? ಎಣ್ಣೆ ತಿಕ್ಕಿದರೆ ಸಾಕೇ, ಆಪರೇಷನ್ ಬೇಕೇ?

‘ಸೊಂಟ ನೋವಿಗೆ ಈ ಎಣ್ಣೆ ಹಚ್ಚಿ, ಆಪರೇಷನ್ ಬೇಡವೇ ಬೇಡ’ ಎನ್ನುವ ಧಾಟಿಯ ಸಂದೇಶಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸೊಂಟ ನೋವಿರುವ ಎಲ್ಲರಿಗೂ ಆಪರೇಷನ್ ಬೇಕಿಲ್ಲ, ನಿಜ. ಆದರೆ ಹಿಪ್ ಡಿಸ್ಪ್ಲೇಸಿಯಾ ಇರುವ ಹುಡುಗ ಹುಡುಗಿಯರು ಈ ಮಾತು ನಂಬಿ ವರ್ಷಗಟ್ಟಲೆ ಕಾದರೆ, ಸ್ವಂತ ಕೀಲನ್ನು ಉಳಿಸಿಕೊಳ್ಳುವ ಅವಕಾಶವೇ ತಪ್ಪಿಹೋಗಬಹುದು.

ಏನಿದು ಡಿಸ್ಪ್ಲೇಸಿಯಾ?

ಸೊಂಟದ ಕೀಲನ್ನು ಬಟ್ಟಲಿನೊಳಗೆ ತಿರುಗುವ ಚೆಂಡು ಎಂದುಕೊಳ್ಳಿ. ತೊಡೆಮೂಳೆಯ ಮೇಲ್ತುದಿಯೇ ಚೆಂಡು. ಈ ತೊಂದರೆ ಇರುವವರಲ್ಲಿ ಬಟ್ಟಲು ಆಳವಿಲ್ಲದೆ, ಚೆಂಡನ್ನು ಪೂರ್ತಿ ಮುಚ್ಚುವುದಿಲ್ಲ. ಮೈಭಾರವೆಲ್ಲ ಬಟ್ಟಲಿನ ಅಂಚಿನ ಸಣ್ಣ ಜಾಗದ ಮೇಲೆ ಬಿದ್ದು, ಅಲ್ಲಿನ ಮೃದ್ವಸ್ಥಿ ಬೇಗ ಸವೆಯುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಬಾಲ್ಯದಲ್ಲಿ ಗೊತ್ತೇ ಆಗದೆ, ಹದಿಹರೆಯದಲ್ಲೋ ಇಪ್ಪತ್ತರ ನಂತರವೋ ತೊಡೆಸಂದಿನಲ್ಲಿ ನೋವು ಶುರುವಾಗಬಹುದು. ಸ್ನಾಯು ಸೆಳೆತ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ಎಕ್ಸ್‌ರೇಯಲ್ಲಿ ಬಟ್ಟಲು ಚೆಂಡನ್ನು ಎಷ್ಟು ಮುಚ್ಚಿದೆ ಎಂದು ಕೋನದ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 25 ಡಿಗ್ರಿಗಿಂತ ಹೆಚ್ಚಿದ್ದರೆ ಸರಿಯಿದೆ ಎಂದೂ, 20ಕ್ಕಿಂತ ಕಡಿಮೆಯಿದ್ದರೆ ಡಿಸ್ಪ್ಲೇಸಿಯಾ ಎಂದೂ ಪರಿಗಣಿಸುತ್ತಾರೆ.

ಎಣ್ಣೆ, ವ್ಯಾಯಾಮದಿಂದ ಸರಿಹೋಗುತ್ತದೆಯೇ?

ಫಿಸಿಯೋಥೆರಪಿಯಿಂದ ಸ್ನಾಯುಗಳು ಗಟ್ಟಿಯಾಗಿ ನೋವು ಕಡಿಮೆಯಾಗಬಹುದು. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಬೆಳೆದು ನಿಂತ ಮೂಳೆಯ ಆಕಾರವನ್ನು ಯಾವ ಎಣ್ಣೆಯೂ ಬದಲಿಸದು.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಪೆರಿಅಸೆಟಾಬುಲರ್ ಆಸ್ಟಿಯಾಟಮಿ, ಅಂದರೆ ಪಿಎಒ. ಸ್ವಿಟ್ಜರ್‌ಲೆಂಡ್‌ನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾನ್ಜ್ ಮತ್ತು ತಂಡ 1984ರಲ್ಲಿ ಇದನ್ನು ಆರಂಭಿಸಿತು. ಬಟ್ಟಲಿನ ಸುತ್ತಲ ಮೂಳೆಯನ್ನು ಕತ್ತರಿಸಿ, ಚೆಂಡನ್ನು ಚೆನ್ನಾಗಿ ಮುಚ್ಚುವಂತೆ ತಿರುಗಿಸಿ, ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಕೃತಕ ಕೀಲು ಹಾಕುವುದಿಲ್ಲ. ಬಟ್ಟಲಿನ ಬೆಳವಣಿಗೆ ಮುಗಿದ ಮೇಲೆಯೇ ಇದನ್ನು ಮಾಡುವುದು ವಾಡಿಕೆ. ಆಮೇಲೆ ಕೆಲವು ವಾರ ಊರುಗೋಲು ಬೇಕು. ಪೂರ್ತಿ ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ. ತೊಡೆಯ ಹೊರಬದಿ ಜೋಮು ಹಿಡಿಯುವುದು, ರಕ್ತಸ್ರಾವ, ಮೂಳೆ ಕೂಡದಿರುವುದು ಇದರ ಅಪಾಯಗಳು.

ಫಲ ಎಷ್ಟು?

ಬರ್ನ್‌ನಲ್ಲಿ ಮೊದಲು ಆಪರೇಷನ್ ಆದ 75 ಕೀಲುಗಳನ್ನು ವೈದ್ಯರು ದಶಕಗಳ ಕಾಲ ಗಮನಿಸಿದರು. 20 ವರ್ಷಗಳ ನಂತರ ಸುಮಾರು 60 ಶೇಕಡಾ ಕೀಲುಗಳು ಉಳಿದಿದ್ದವು. 30 ವರ್ಷಗಳ ಹೊತ್ತಿಗೆ ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಿತ್ತು. ಚಿಕ್ಕ ವಯಸ್ಸಿನಲ್ಲಿ, ಸವೆತ ಹೆಚ್ಚುವ ಮೊದಲೇ ಮಾಡಿಸಿಕೊಂಡವರಿಗೆ ಫಲ ಉತ್ತಮ. ಸವೆತ ತೀರಾ ಹೆಚ್ಚಾದ ಮೇಲೆ ಉಳಿಯುವ ದಾರಿ ಕೀಲು ಬದಲಾವಣೆ. ಕೃತಕ ಕೀಲೂ ಸವೆಯುವುದರಿಂದ, ಚಿಕ್ಕ ವಯಸ್ಸಿನವರಿಗೆ ಮುಂದೆ ಅದನ್ನು ಮತ್ತೆ ಬದಲಿಸಬೇಕಾಗಬಹುದು.

‘ಆಪರೇಷನ್ ಆದರೆ ಸಹಜ ಹೆರಿಗೆ ಆಗದು’ ಎನ್ನುವುದು ನಿಜವೇ?

ಅಲ್ಲ. ಪಿಎಒನಲ್ಲಿ ಮಗು ಹೊರಬರುವ ದಾರಿಯ ಅಳತೆ ಕಿರಿದಾಗದಂತೆ ಮೂಳೆ ಕತ್ತರಿಸುತ್ತಾರೆ. ಈ ಆಪರೇಷನ್ ಆಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ನಮ್ಮ ಸಲಹೆ ಇಷ್ಟೇ: ಮನೆಯ ಹುಡುಗ ಅಥವಾ ಹುಡುಗಿಗೆ ತೊಡೆಸಂದಿನ ನೋವು ವಾರಗಟ್ಟಲೆ ಇದ್ದರೆ, ಕುಂಟುತ್ತಿದ್ದರೆ, ಮೂಳೆ ವೈದ್ಯರ ಬಳಿ ಹೋಗಿ ಒಂದು ಎಕ್ಸ್‌ರೇ ತೆಗೆಸಿ. ಎಣ್ಣೆಯ ಸಂದೇಶವನ್ನು ಆಮೇಲೆ ಬೇಕಾದರೆ ಫಾರ್ವರ್ಡ್ ಮಾಡುವಿರಂತೆ.