ದೊಡ್ಡವರ ನೆಗಡಿ, ಹಸುಳೆಯ ಉಸಿರು

2025ರ ಜನವರಿ ಮೊದಲ ವಾರದಲ್ಲಿ ಬೆಂಗಳೂರಿನ ಎರಡು ಹಸುಳೆಗಳ ಸುದ್ದಿ ಇಡೀ ದೇಶವನ್ನು ಬೆಚ್ಚಿ ಬೀಳಿಸಿತು. 3 ತಿಂಗಳ ಮತ್ತು 8 ತಿಂಗಳ ಆ ಮಕ್ಕಳಲ್ಲಿ ಎಚ್‌ಎಂಪಿವಿ ಎಂಬ ವೈರಸ್ ಪತ್ತೆಯಾಗಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ್ದೇ ತಡ, ಟಿ.ವಿ. ಚಾನೆಲ್‌ಗಳು ಮತ್ತೊಂದು ಕೊರೋನಾ ಬಂದೇ ಬಿಟ್ಟಿತೆಂದು ಕೂಗತೊಡಗಿದವು. ಕೆಲವೇ ವಾರಗಳಲ್ಲಿ ಕೂಗು ನಿಂತಿತು, ಜನ ಮರೆತರು. ಆದರೆ ಆ ವೈರಸ್ ಹೊಸತಾಗಿರಲಿಲ್ಲ. 2001ರಲ್ಲೇ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದರು. ನಮ್ಮ ದೇಶದಲ್ಲಿ ಅದು ಮೊದಲಿನಿಂದಲೂ ಸುತ್ತಾಡುತ್ತಲೇ ಇದೆ. ಹಾಗಾದರೆ ನಾವು ಭಯಪಡಬೇಕಾದದ್ದು ಯಾವುದಕ್ಕೆ? ಚಾನೆಲ್‌ಗಳು ತೋರಿಸುವ ಹೊಸ ರೋಗಕ್ಕೋ, ಪ್ರತಿ ವರ್ಷ ಸದ್ದಿಲ್ಲದೆ ಮಕ್ಕಳ ವಾರ್ಡುಗಳನ್ನು ತುಂಬಿಸುವ ಹಳೆಯ ರೋಗಕ್ಕೋ?

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರಸ್ವತಿ ನಗರದ ಬಡಾವಣೆಯ ಮನೆಯಿರಲಿ, ಆಜಾದ್ ನಗರದ ಗಲ್ಲಿಯಿರಲಿ, ಹರಿಹರದಿಂದ ಬಸ್ಸು ಹಿಡಿದು ಬಂದ ಕುಟುಂಬವಿರಲಿ, ಎಲ್ಲರ ಮಡಿಲಲ್ಲೂ ಏದುಸಿರು ಬಿಡುವ ಮಗು. ಇಂತಹ ಮಕ್ಕಳಲ್ಲಿ ಬಹುಪಾಲು ಮಕ್ಕಳನ್ನು ಕಾಡುವುದು ಬ್ಯಾಕ್ಟೀರಿಯಾ ಅಲ್ಲ, ವೈರಸ್. ಏಷ್ಯಾ ಮತ್ತು ಆಫ್ರಿಕಾದ 7 ದೇಶಗಳಲ್ಲಿ ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಮಕ್ಕಳ ಮೇಲೆ ನಡೆದು, 2019ರಲ್ಲಿ ಪ್ರಕಟವಾದ ಅಧ್ಯಯನವು ಶೇ. 60ಕ್ಕೂ ಹೆಚ್ಚು ಪ್ರಕರಣಗಳಿಗೆ ವೈರಸ್ ಕಾರಣವೆಂದು ಅಂದಾಜಿಸಿತು. ಅವುಗಳಲ್ಲಿ ಮೊದಲ ಸ್ಥಾನ ಆರ್‌ಎಸ್‌ವಿಗೆ. ರೈನೋ ವೈರಸ್, ಎಚ್‌ಎಂಪಿವಿ, ಪ್ಯಾರಾಇನ್‌ಫ್ಲುಯೆಂಝಾ, ಇನ್‌ಫ್ಲುಯೆಂಝಾ, ಅಡೆನೋ ವೈರಸ್‌ಗಳೂ ಇದೇ ಸಾಲಿನವು. 2019ರ ಒಂದೇ ವರ್ಷದಲ್ಲಿ ಆರ್‌ಎಸ್‌ವಿಯಿಂದ ಜಗತ್ತಿನಾದ್ಯಂತ 5 ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರೆಂದೂ ಸುಮಾರು 1 ಲಕ್ಷ ಮಕ್ಕಳು ಮೃತಪಟ್ಟರೆಂದೂ ತಜ್ಞರ ಅಂದಾಜು. ಈ ಸಾವುಗಳಲ್ಲಿ ಶೇ. 97ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸಿದವು. ವೈರಸ್‌ಗೆ ಬಡವ-ಬಲ್ಲಿದರ ಭೇದವಿಲ್ಲ, ಸಾವಿಗೆ ಇದೆ.

ಇಲ್ಲಿ ಒಂದು ಮಾತನ್ನು ಪ್ರತಿ ಕುಟುಂಬವೂ ಮನಗಾಣಬೇಕಾಗಿದೆ. ದೊಡ್ಡವರಿಗೆ ಎರಡು ದಿನದ ನೆಗಡಿಯಾಗಿ ಕಳೆದುಹೋಗುವ ಆರ್‌ಎಸ್‌ವಿ, ಎರಡು ತಿಂಗಳ ಕೂಸಿನ ಶ್ವಾಸಕೋಶದ ಕಿರುನಾಳಗಳನ್ನು ಊದಿಸಿ ಕಫದಿಂದ ಮುಚ್ಚಿಬಿಡುತ್ತದೆ. ಹುಲ್ಲುಕಡ್ಡಿಗಿಂತಲೂ ಕಿರಿದಾದ ಆ ನಾಳ ತುಸು ಬಾತರೂ ಸಾಕು, ಮಗು ಉಸಿರಿಗಾಗಿ ಹೋರಾಡಬೇಕಾಗುತ್ತದೆ. ಹಸುಳೆ ತಾನಾಗಿ ಬೀದಿಗೆ ಹೋಗಿ ರೋಗ ತಂದುಕೊಳ್ಳುವುದಿಲ್ಲ. ಶಾಲೆಯಿಂದ ಬಂದ ಅಣ್ಣನೋ ಅಂಗಡಿಯಿಂದ ಬಂದ ಅಬ್ಬನೋ ಶುಭ ಕೋರಲು ಬಂದ ನೆಂಟರೋ ಅದನ್ನು ತಂದು ಕೊಡುತ್ತಾರೆ. ಏಳನೆಯ ದಿನದ ಅಕೀಕಾ ಸುನ್ನತ್ತಾಗಿದೆ. ಆದರೆ ಮಗುವನ್ನು ಐವತ್ತು ಮಂದಿಯ ಕೈಯಿಂದ ಕೈಗೆ ದಾಟಿಸುವುದು, ಮೂಗು ಸೋರುವವರೂ ಮುದ್ದಿಸುವುದು ಯಾವ ಸುನ್ನತ್ತು? ಸೀನು ಬಂದಾಗ ಪ್ರವಾದಿ(ಸ)ರವರು ಕೈಯಿಂದಲೋ ವಸ್ತ್ರದಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರು. ಪ್ಲೇಗ್ ಹಬ್ಬಿದ ನಾಡಿಗೆ ಹೋಗಬೇಡಿರಿ, ಅಲ್ಲಿಂದ ಓಡಿಬರಲೂ ಬೇಡಿರೆಂದು ಕಲಿಸಿದರು. ದಿನಕ್ಕೆ ಐದು ಬಾರಿ ವುಝೂ ಮಾಡುವ ಸಮುದಾಯಕ್ಕೆ ಕೈ ತೊಳೆಯುವುದನ್ನು ಆಸ್ಪತ್ರೆಯ ಭಿತ್ತಿಪತ್ರ ಕಲಿಸಬೇಕೇ?

ಎರಡನೆಯದು ಔಷಧಿಯ ವಿಚಾರ. ವೈರಸ್ ಮೇಲೆ ಆ್ಯಂಟಿಬಯೋಟಿಕ್ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಆದರೂ ಇಂಜೆಕ್ಷನ್ ಚುಚ್ಚದ ವೈದ್ಯ ವೈದ್ಯನೇ ಅಲ್ಲವೆಂದು ಬಗೆಯುವ ಹೆತ್ತವರಿದ್ದಾರೆ. ಅವರ ಒತ್ತಾಯಕ್ಕೆ ಮಣಿಯುವ ಕ್ಲಿನಿಕ್‌ಗಳೂ, ಚೀಟಿಯಿಲ್ಲದೆಯೇ ಮಾತ್ರೆ ಕೊಡುವ ಔಷಧಿ ಅಂಗಡಿಗಳೂ ಇವೆ. ಹೀಗೆ ಅನಗತ್ಯವಾಗಿ ಬಳಸಿದ ಔಷಧಿ, ನಿಜವಾದ ಬ್ಯಾಕ್ಟೀರಿಯಾ ಸೋಂಕು ತಗಲಿದ ದಿನ ಕೆಲಸ ಮಾಡುವುದಿಲ್ಲ. ಇನ್ನು ಕೆಮ್ಮಿನ ಸಿರಪ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ ಕುಡಿದ ಹಲವು ಮಕ್ಕಳು ಮೂತ್ರಪಿಂಡ ವಿಫಲವಾಗಿ ಪ್ರಾಣ ಬಿಟ್ಟರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಸೂಚಿಸಿತು. ಇಂತಹ ಮಕ್ಕಳಿಗೆ ಬೇಕಾದದ್ದು ಮೂಗು ಸ್ವಚ್ಛಗೊಳಿಸುವುದು, ಸ್ವಲ್ಪ ಸ್ವಲ್ಪವಾಗಿ ಹಾಲುಣಿಸುವುದು, ಅಗತ್ಯವಿದ್ದರೆ ಆಮ್ಲಜನಕ. ವೈರಸ್‌ನ ಬೆನ್ನಿಗೇ ಬ್ಯಾಕ್ಟೀರಿಯಾ ಸೇರಿಕೊಳ್ಳುವುದೂ ಉಂಟು. ಅದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಪಕ್ಕದ ಮನೆಯವರಲ್ಲ.

ಆದುದರಿಂದ ಯಾವಾಗ ಆಸ್ಪತ್ರೆಗೆ ಧಾವಿಸಬೇಕೆಂಬುದನ್ನು ತಾಯಂದಿರು ತಿಳಿದಿರಲೇಬೇಕು. ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರೆಣಿಸಿರಿ. 2 ತಿಂಗಳೊಳಗಿನ ಮಗುವಿನ ಉಸಿರಾಟ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗಿನ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ತಡ ಮಾಡಬಾರದು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು ಕುಡಿಯಲಾಗದಿರುವುದು, ತುಟಿ ನೀಲಿಗಟ್ಟುವುದು, ಎಚ್ಚರಿಸಿದರೂ ಏಳದಿರುವುದು ಅಪಾಯದ ಲಕ್ಷಣಗಳು. ಇಂತಹ ಹೊತ್ತಿನಲ್ಲಿ ತಾಯಿತ ಕಟ್ಟಿಸಲು ಓಡುವುದು, ಎಳೆಯ ಹೊಟ್ಟೆಯ ಮೇಲೆ ಬರೆ ಹಾಕಿಸುವುದು ಧರ್ಮವಲ್ಲ, ಅಜ್ಞಾನ. ಪ್ರಾರ್ಥಿಸಿರಿ, ಜೊತೆಗೆ ಚಿಕಿತ್ಸೆಯನ್ನೂ ಪಡೆಯಿರಿ ಎಂಬುದೇ ಇಸ್ಲಾಮಿನ ಬೋಧನೆ.

ಮೂರನೆಯದು ಲಸಿಕೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ, ಸಂತಾನ ಶಕ್ತಿ ಕುಂದಿಸುವ ಸಂಚಿದೆಂಬ ವದಂತಿ ವಾಟ್ಸಾಪ್‌ನಲ್ಲಿ ಹರಿದಾಡಿತು. ಮುಸ್ಲಿಮ್ ಹೆತ್ತವರಲ್ಲಿ ಹಲವರು ಹಿಂಜರಿದರು. ಈ ಸಂಶಯಕ್ಕೆ ಬೇರುಗಳಿಲ್ಲವೆಂದು ನಾವು ಹೇಳುವುದಿಲ್ಲ. 2011ರಲ್ಲಿ ಪಾಕಿಸ್ತಾನದಲ್ಲಿ ಬೇಹುಗಾರಿಕೆಗಾಗಿ ಅಮೆರಿಕದ ಸಿಐಎ ಲಸಿಕೆಯ ನಾಟಕವಾಡಿದ್ದು ಸತ್ಯ. 2020ರಲ್ಲಿ ಇದೇ ದೇಶದಲ್ಲಿ ಒಂದು ವೈರಸ್‌ಗೆ ಮುಸ್ಲಿಮರ ಹೆಸರಿಟ್ಟು ತರಕಾರಿ ಮಾರುವವರನ್ನೂ ಓಡಿಸಲಾಯಿತು. ತಬ್ಲೀಗ್‌ನ ವಿದೇಶಿ ಸದಸ್ಯರನ್ನು ಬಲಿಪಶುಗಳನ್ನಾಗಿಸಲಾಯಿತೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವೇ ಹೇಳಬೇಕಾಯಿತು. ಆದರೆ ಆ ಅನ್ಯಾಯದ ಸಿಟ್ಟನ್ನು ಸ್ವಂತ ಮಕ್ಕಳ ಮೇಲೆ ತೀರಿಸಿಕೊಳ್ಳುವುದು ಯಾವ ಜಾಣತನ? ದಡಾರವೂ ವೈರಸ್ಸೇ, ಅದು ಮಗುವನ್ನು ಕೊಲ್ಲುವುದು ಹೆಚ್ಚಾಗಿ ನ್ಯುಮೋನಿಯಾದ ರೂಪದಲ್ಲಿ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯ ಕೊಳೆಗೇರಿಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತಾಗ, ವದಂತಿ ಹರಡಿದವರಾರೂ ಹೆಗಲು ಕೊಡಲು ಬರಲಿಲ್ಲ. 2021ರಿಂದ ದೇಶಾದ್ಯಂತ ಉಚಿತವಾಗಿ ದೊರೆಯುತ್ತಿರುವ ನ್ಯುಮೋಕಾಕಲ್ ಲಸಿಕೆಯನ್ನೂ ಯಾವ ಮಗುವೂ ಕಳೆದುಕೊಳ್ಳಬಾರದು.

ಹೊಣೆಯೆಲ್ಲ ಸಮುದಾಯದ್ದೇ ಎಂದು ಹೇಳಿ ಆಡಳಿತವನ್ನು ಪಾರು ಮಾಡಲೂ ಸಾಧ್ಯವಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಗಾಳಿ ಕೆಟ್ಟಿತೆಂಬ ಕಾರಣಕ್ಕೆ ಆಯ್ಕೆಯಾದ ರಾಜ್ಯದ 4 ನಗರಗಳಲ್ಲಿ ದಾವಣಗೆರೆಯೂ ಒಂದು. ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರು ಉರಿಸುವುದರ ಬಗ್ಗೆ ದೂರುಗಳು ಹಳೆಯವು. ಆ ಹೊಗೆಯಲ್ಲಿ ದುಡಿಯುವವರೂ ಅದರ ನೆರಳಲ್ಲೇ ಮಕ್ಕಳನ್ನು ಸಾಕುವವರೂ ಹೆಚ್ಚಾಗಿ ಬಡ ಮುಸ್ಲಿಮರು. ಹೊಗೆ ತಿಂದ ಶ್ವಾಸಕೋಶವನ್ನು ವೈರಸ್ ಸುಲಭವಾಗಿ ಗೆಲ್ಲುತ್ತದೆ. ಭಟ್ಟಿಗಳನ್ನು ಮುಚ್ಚಿ ಬಡವರ ಅನ್ನ ಕಸಿಯುವುದು ಪರಿಹಾರವಲ್ಲ. ಹೊಗೆಯಿಲ್ಲದ ಒಲೆಗೆ ನೆರವು ಕೊಡುವುದು ಸರಕಾರದ ಕರ್ತವ್ಯ. ಆರೋಗ್ಯಕ್ಕೆ ಸರಕಾರಿ ವೆಚ್ಚವನ್ನು 2025ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇ. 2.5ಕ್ಕೆ ಏರಿಸುವುದಾಗಿ 2017ರ ಆರೋಗ್ಯ ನೀತಿ ಸಾರಿತ್ತು. ಆ ಗುರಿ ಕಾಗದದಲ್ಲೇ ಉಳಿಯಿತು. ಕೊರೋನಾ ಕಾಲದಲ್ಲಿ ಜಿಲ್ಲೆಗಳಲ್ಲಿ ಸ್ಥಾಪಿಸಿದ ಆರ್‌ಟಿ-ಪಿಸಿಆರ್ ಪ್ರಯೋಗಾಲಯಗಳನ್ನು ಮಕ್ಕಳ ವೈರಸ್ ಪರೀಕ್ಷೆಗೆ ಏಕೆ ಬಳಸಬಾರದು? ಯಾವ ತಿಂಗಳು ಯಾವ ವೈರಸ್ ಬರುತ್ತದೆಂದು ಗೊತ್ತಿದ್ದರೆ, ಹಾಸಿಗೆ ಮತ್ತು ಆಮ್ಲಜನಕವನ್ನು ಮೊದಲೇ ಸಜ್ಜುಗೊಳಿಸಬಹುದಲ್ಲವೇ?

ಮಸೀದಿಯ ಖತೀಬರು ಒಂದು ಜುಮಾ ಖುತ್ಬಾವನ್ನು ಹಸುಳೆಯ ಉಸಿರಿಗಾಗಿ ಮೀಸಲಿಡಲಿ. ಜಮಾಅತ್‌ಗಳು ಮೊಹಲ್ಲಾದಲ್ಲಿ ಲಸಿಕೆ ತಪ್ಪಿದ ಮಕ್ಕಳ ಪಟ್ಟಿ ಮಾಡಿ ಆಶಾ ಕಾರ್ಯಕರ್ತೆಯರ ಜೊತೆಗೂಡಲಿ. ಕೂಸಿರುವ ಮನೆಯೊಳಗೆ ಬೀಡಿ-ಸಿಗರೇಟು ಸೇದುವ ತಂದೆ ಹೊಸ್ತಿಲ ಹೊರಗೇ ಅದನ್ನು ಬಿಡಲಿ. ಎರಡು ವರ್ಷ ಪೂರ್ತಿ ಎದೆಹಾಲುಣಿಸುವಂತೆ ಪವಿತ್ರ ಕುರ್‌ಆನ್ ನೀಡಿದ ಮಾರ್ಗದರ್ಶನವನ್ನು ಡಬ್ಬಿ ಹಾಲಿನ ಜಾಹೀರಾತು ಮರೆಸದಿರಲಿ. ಮಕ್ಕಳು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್ತು. ಆ ಅಮಾನತ್ತಿನ ಲೆಕ್ಕ ಕೊಡಬೇಕಾದ ದಿನ, ತಿಳಿದಿರಲಿಲ್ಲ ಎಂಬ ಮಾತು ನೆಪವಾಗಲಾರದು.