ಅಭ್ಯಾಸದ ಕಂತನ್ನು ಓಡಿಸಬೇಡಿ



ಹೋದ ತಿಂಗಳು ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ನಮ್ಮ ತರಗತಿಯವರ ನಡುವೆ ಒಂದು ಜಗಳ ಆಯಿತು. ಹೊಡೆದಾಟ ಅಲ್ಲ, ಮಾತಿನ ಜಗಳ. ವಿಷಯ ಏನೆಂದರೆ ‘ಡ್ರ್ಯಾಗನ್ ಬಾಲ್ ಝೆಡ್’ ಎಂಬ ಜಪಾನಿನ ಕಾರ್ಟೂನು. ಒಬ್ಬ ಗೆಳೆಯ ಹೇಳಿದ, “ಫೈಟಿಂಗ್ ಇರೋದಷ್ಟೇ ನೋಡಬೇಕು ಕಣೋ. ಟ್ರೈನಿಂಗ್ ಬಂದ್ರೆ ಮುಂದಕ್ಕೆ ಓಡಿಸಿಬಿಡಬೇಕು. ಅವೆಲ್ಲಾ ಫಿಲ್ಲರ್, ಬರೀ ಟೈಂ ಪಾಸ್.” ಎಲ್ಲರೂ ಹೌದು ಹೌದು ಅಂದರು. ನಾನೊಬ್ಬ ಮಾತ್ರ ಅಲ್ಲ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೋಡದೆ ಇರುವವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದು ಗೋಕು ಎಂಬ ವೀರನ ಕಥೆ. ಬರೆದವರು ಅಕಿರಾ ತೊರಿಯಾಮ. ಅವರು 2024ರ ಮಾರ್ಚ್ 1ರಂದು ತೀರಿಕೊಂಡರು. 1984ರಿಂದ 1995ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಅವರು ಇದನ್ನು ಚಿತ್ರಕಥೆಯಾಗಿ ಬರೆದರು. ಒಟ್ಟು 519 ಅಧ್ಯಾಯ, 42 ಪುಸ್ತಕ. ಪತ್ರಿಕೆಯಲ್ಲಿ ಕಥೆ ಇನ್ನೂ ನಡೆಯುತ್ತಿರುವಾಗಲೇ 1986ರಲ್ಲಿ ಟೀವಿಯಲ್ಲಿ ಕಾರ್ಟೂನು ಶುರುವಾಯಿತು. ಮೊದಲನೆಯದು ‘ಡ್ರ್ಯಾಗನ್ ಬಾಲ್’, 153 ಕಂತು. ಆಮೇಲೆ 1989ರಿಂದ 1996ರವರೆಗೆ ‘ಡ್ರ್ಯಾಗನ್ ಬಾಲ್ ಝೆಡ್’, 291 ಕಂತು. ಎರಡೂ ಕೂಡಿದರೆ 444 ಕಂತು.

ಇಲ್ಲೇ ತೊಂದರೆ ಬಂದದ್ದು. ಲೇಖಕರು ವಾರಕ್ಕೆ ಕೆಲವೇ ಪುಟ ಬರೆಯುತ್ತಿದ್ದರು. ಟೀವಿಯವರು ವಾರಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ತೋರಿಸಬೇಕಿತ್ತು. ಹಾಗಾಗಿ ಕಾರ್ಟೂನು ಬೇಗ ಬೇಗ ಓಡಿ ಪುಸ್ತಕದ ಬೆನ್ನಿಗೇ ಬಂದು ನಿಲ್ಲುತ್ತಿತ್ತು. ಮುಂದಿನ ಕಥೆ ಇನ್ನೂ ಬರೆದೇ ಇಲ್ಲ! ಆಗ ಟೀವಿಯವರು ಪುಸ್ತಕದಲ್ಲಿ ಇಲ್ಲದ ಕಂತುಗಳನ್ನು ತಾವೇ ಮಾಡಿ ನಡುವೆ ಸೇರಿಸಿದರು. ಅದಕ್ಕೇ ಫಿಲ್ಲರ್ ಅನ್ನುವುದು. ಅಂದರೆ ಜಾಗ ತುಂಬಿಸುವ ಕಂತು. ಊರಿನ ನಾಟಕದಲ್ಲಿ ಭೀಮನ ಪಾತ್ರದವರ ಬಣ್ಣ ಇನ್ನೂ ಮುಗಿದಿಲ್ಲ ಅಂದರೆ ಹಾರ್ಮೋನಿಯಂ ಮೇಷ್ಟ್ರು ಇನ್ನೊಂದು ಹಾಡು ಎಳೆಯುತ್ತಾರೆ, ಹಾಸ್ಯದವನು ಒಂದು ಸಲ ಬಂದು ಹೋಗುತ್ತಾನೆ. ಇದೂ ಹಾಗೆಯೇ.

ನನ್ನ ಗೆಳೆಯ ಹೇಳಿದ್ದರಲ್ಲಿ ಸತ್ಯವೂ ಇದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎಳೆದಾಟ ಇರುವುದು ನಿಜ. ನಾಮೆಕ್ ಎಂಬ ಗ್ರಹ ಐದು ನಿಮಿಷದಲ್ಲಿ ಸಿಡಿಯುತ್ತದೆ ಎಂದು ಫ್ರೀಜಾ ಎಂಬ ದುಷ್ಟ ಹೇಳುತ್ತಾನೆ. ಆ ಐದು ನಿಮಿಷ ಮುಗಿಯುವುದಕ್ಕೆ ಸುಮಾರು ಹತ್ತು ಕಂತು ಬೇಕಾಯಿತು! ನಮ್ಮ ಅಜ್ಜಿ ನನ್ನ ಜೊತೆ ಕೂತು ನೋಡಿ, “ಇವರ ಗಡಿಯಾರಕ್ಕೆ ಕೀ ಕೊಟ್ಟಿಲ್ವೇನೋ” ಅಂದರು. ಒಬ್ಬರ ಮುಖ ಒಬ್ಬರು ನೋಡುತ್ತಾ ಬರೀ ಕಿರುಚುವುದನ್ನು ನೀವು ಓಡಿಸಿದರೆ ನನ್ನ ತಕರಾರಿಲ್ಲ.

ಆದರೆ ಅಭ್ಯಾಸದ ಕಂತು ಬೇರೆ. ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಗೋಕುವಿನ ಮಗ ಗೋಹಾನ್. ಅವನಿಗೆ ಆಗ ಬರೀ ನಾಲ್ಕು ವರ್ಷ. ಅಳುಬುರುಕ. ಒಂದು ವರ್ಷದಲ್ಲಿ ದೊಡ್ಡ ಶತ್ರುಗಳು ಬರುತ್ತಾರೆ ಎಂದು ಗೊತ್ತಾದಾಗ ಪಿಕೊಲೊ ಎಂಬ ಹಸಿರು ಮೈಯವನು ಈ ಹುಡುಗನನ್ನು ಹೊತ್ತುಕೊಂಡು ಹೋಗಿ ಕಾಡಿನಲ್ಲಿ ಬಿಡುತ್ತಾನೆ. ಆರು ತಿಂಗಳು ಒಬ್ಬನೇ ಬದುಕಬೇಕು, ಆಮೇಲೆ ಆರು ತಿಂಗಳು ಕಲಿಸುತ್ತೇನೆ ಅನ್ನುತ್ತಾನೆ. ಪುಸ್ತಕದಲ್ಲಿ ಈ ಭಾಗ ಬೇಗ ಮುಗಿದುಹೋಗುತ್ತದೆ. ಕಾರ್ಟೂನಿನಲ್ಲಿ ಮಾತ್ರ ಕೆಲವು ಕಂತು ಸೇರಿಸಿದ್ದಾರೆ. ಒಂದರಲ್ಲಿ ಹಾಳುಬಿದ್ದ ಜಾಗದಲ್ಲಿ ಹಳೆಯ ರೋಬೋಟು ಸಿಗುತ್ತದೆ. ಅದು ಕುಸಿಯುವ ಜಾಗದಿಂದ ಗೋಹಾನನನ್ನು ಪಾರುಮಾಡಿ ತಾನು ಅಲ್ಲೇ ಉಳಿದುಬಿಡುತ್ತದೆ. ನನಗೆ ಅಳು ಬಂತು, ಸುಳ್ಳು ಹೇಳಲ್ಲ. ಇನ್ನೊಂದರಲ್ಲಿ ಗೋಹಾನ್ ತಪ್ಪಿಸಿಕೊಂಡು ಹೊರಡುತ್ತಾನೆ. ಅಪ್ಪ ಅಮ್ಮ ಇಲ್ಲದ ಮಕ್ಕಳ ಒಂದು ಗುಂಪು ಸಿಗುತ್ತದೆ. ಕೊನೆಗೆ ತನ್ನ ಮನೆಯ ಹತ್ತಿರಕ್ಕೇ ಬಂದುಬಿಡುತ್ತಾನೆ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಅಮ್ಮ ಇದ್ದಾಳೆ, ಊಟ ಇದೆ. ಆದರೂ ಹೋಗುವುದಿಲ್ಲ. ತಿರುಗಿ ಪಿಕೊಲೊ ಇರುವ ಕಾಡಿಗೇ ಹೋಗುತ್ತಾನೆ.

ಸ್ನೇಹಿತರೇ, ಇದು ಟೈಂ ಪಾಸಾ? ಪುಸ್ತಕದಲ್ಲಿ ಆ ಹುಡುಗನನ್ನು ಬಲವಂತವಾಗಿ ಎತ್ತಿಕೊಂಡು ಹೋದರು, ಅಷ್ಟೇ. ಫಿಲ್ಲರ್ ಕಂತಿನಲ್ಲಿ ಅವನು ತಾನೇ ಮನಸ್ಸು ಮಾಡಿ ವಾಪಸ್ ಹೋದ. ಮುಂದೆ ಯುದ್ಧದಲ್ಲಿ ಪಿಕೊಲೊ ಈ ಹುಡುಗನಿಗೆ ಅಡ್ಡ ನಿಂತು ತಾನು ಸಾಯುತ್ತಾನೆ. ಆಗ ಗೋಹಾನ್ ಅಳುತ್ತಾ ಎದ್ದು ಶತ್ರುವಿನ ಮೇಲೆ ತಿರುಗಿ ಬೀಳುತ್ತಾನೆ. ಕಾಡಿನ ಕಂತುಗಳನ್ನು ಓಡಿಸಿದವರಿಗೆ ಅದು ಒಂದು ಫೈಟಿಂಗ್. ನೋಡಿದವರಿಗೆ ಗುರುವನ್ನು ಕಳೆದುಕೊಂಡ ಶಿಷ್ಯ ಕಾಣಿಸುತ್ತಾನೆ.

ಅಭ್ಯಾಸ ಅನ್ನುವುದು ಟೀವಿಯವರು ಸುಮ್ಮನೆ ಕಟ್ಟಿದ್ದಲ್ಲ, ಲೇಖಕರ ಕಥೆಯ ಬುಡದಲ್ಲೇ ಇದೆ. ಮೊದಲ ‘ಡ್ರ್ಯಾಗನ್ ಬಾಲ್’ನಲ್ಲಿ ಗೋಕು ಇನ್ನೂ ಹುಡುಗ. ಅವನಿಗೂ ಕ್ರಿಲಿನ್ ಎಂಬ ಗೆಳೆಯನಿಗೂ ರೋಶಿ ಎಂಬ ಮುದುಕ ಗುರು ಎಂಟು ತಿಂಗಳು ಏನು ಕಲಿಸಿದ ಗೊತ್ತೇ? ಒಂದು ಏಟು ಹೊಡೆಯುವುದನ್ನೂ ಹೇಳಿಕೊಡಲಿಲ್ಲ. ಬೆಳಿಗ್ಗೆ ಎದ್ದು ಮನೆ ಮನೆಗೆ ಹಾಲು ಹಾಕಬೇಕು. ಬರಿಗೈಯಲ್ಲಿ ಹೊಲ ಉಳಬೇಕು. ಕಟ್ಟಡದ ಕೆಲಸಕ್ಕೆ ಹೋಗಬೇಕು. ಓದಲೂ ಬೇಕು. ಇದೆಲ್ಲಾ ಬೆನ್ನಿಗೆ 20 ಕಿಲೋ ತೂಕದ ಆಮೆ ಚಿಪ್ಪು ಕಟ್ಟಿಕೊಂಡು! ಆಮೇಲೆ ಅದನ್ನು 40 ಕಿಲೋ ಮಾಡುತ್ತಾನೆ. ಕೊನೆಗೆ ಚಿಪ್ಪು ಬಿಚ್ಚಿ ಹಾರಿದರೆ ಇಬ್ಬರೂ ಆಕಾಶಕ್ಕೆ ಹೋಗುತ್ತಾರೆ. ನಾವೂ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬರುತ್ತೇವಲ್ಲ, ಚಿಪ್ಪು ಒಂದು ಇಲ್ಲ ಅಷ್ಟೇ.

ಇನ್ನೊಬ್ಬ ಗೆಳೆಯ ಬೇರೆ ಮಾತು ಹೇಳಿದ್ದ. “ಫಿಲ್ಲರ್ನಲ್ಲಿ ಕಲಿತದ್ದು ಮುಂದೆ ಕೆಲಸಕ್ಕೇ ಬರಲ್ಲ” ಅಂತ. ಇದು ಸರಿಯಾದ ಪ್ರಶ್ನೆ. ಟೀವಿಯವರು ಹೊಸ ವಿದ್ಯೆ ಕಲಿಸುವ ಹಾಗಿಲ್ಲ, ಯಾಕೆಂದರೆ ಪುಸ್ತಕದಲ್ಲಿ ಅದು ಇರುವುದಿಲ್ಲ. ಕಂತು ಮುಗಿಯುವ ಹೊತ್ತಿಗೆ ಎಲ್ಲರೂ ಮೊದಲು ಇದ್ದ ಜಾಗಕ್ಕೇ ಬಂದು ನಿಲ್ಲಬೇಕು. ಗೋಕು ಹತ್ತು ಲಕ್ಷ ಕಿಲೋಮೀಟರ್ ಉದ್ದದ ಹಾವಿನ ದಾರಿಯಲ್ಲಿ ಹೋಗುವಾಗ ಕಾರ್ಟೂನಿನಲ್ಲಿ ನರಕಕ್ಕೆ ಬೀಳುತ್ತಾನೆ. ಎದ್ದು ಬಂದು ಮತ್ತೆ ಓಡುತ್ತಾನೆ. ಹೊಸ ವಿದ್ಯೆ ಏನೂ ಸಿಕ್ಕಿರುವುದಿಲ್ಲ. ಆದರೆ ನಾನು ಕೇಳುತ್ತೇನೆ, ಅಭ್ಯಾಸ ಅಂದರೆ ದಿನಾ ಹೊಸದು ಸಿಗುವುದಾ? ಮಗ್ಗಿ ಹತ್ತು ಸಲ ಬರೆದರೆ ಹನ್ನೊಂದನೆಯ ಸಲವೂ ಅದೇ ಮಗ್ಗಿ. ಹಾಡಿ ಹಾಡಿ ರಾಗ ಅಂತ ಹಿರಿಯರು ಹೇಳಿದ್ದಾರೆ. ಬೇಜಾರಾಗುತ್ತದೆ ಅನ್ನುವುದು ಅಭ್ಯಾಸದ ತಪ್ಪಲ್ಲ, ಅದರ ಗುಣವೇ ಹಾಗೆ.

2009ರಲ್ಲಿ ಇದೇ ಕಾರ್ಟೂನನ್ನು ಫಿಲ್ಲರ್ ಕತ್ತರಿಸಿ ಮತ್ತೆ ಬಿಟ್ಟರು. ಹೆಸರು ‘ಡ್ರ್ಯಾಗನ್ ಬಾಲ್ ಕಾಯ್’. ಮೊದಲು 190ಕ್ಕೂ ಹೆಚ್ಚು ಕಂತಿನಲ್ಲಿ ಬಂದಿದ್ದ ಕಥೆ ನೂರು ಕಂತಿನೊಳಗೆ ಮುಗಿಯಿತು. ನೋಡಲು ಚುರುಕಾಗಿದೆ. ಆದರೆ ಮನೆ ಬಾಗಿಲಿನಿಂದ ತಿರುಗಿ ಹೋದ ಗೋಹಾನ್ ಅದರಲ್ಲಿ ಇಲ್ಲ. ಆ ರೋಬೋಟೂ ಇಲ್ಲ. ಅಭ್ಯಾಸ ಕಡಿಮೆ ತೋರಿಸಿ ಗೆಲುವನ್ನು ಮಾತ್ರ ತೋರಿಸಿದರೆ, ಗೆದ್ದವನು ಹುಟ್ಟಿನಿಂದಲೇ ಬಲಶಾಲಿ ಅಂತ ಅನ್ನಿಸುತ್ತದೆ. ಆಗ ನಮ್ಮಂಥವರು ‘ನಮ್ಮ ಕೈಲಿ ಆಗಲ್ಲ ಬಿಡು’ ಅಂದುಕೊಳ್ಳುತ್ತೇವೆ.

ಇದನ್ನು ಇಷ್ಟು ಜೋರಾಗಿ ಬರೆಯಲು ನನ್ನದೇ ಒಂದು ಕಾರಣ ಇದೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಈ ಸಲ ತಾಲ್ಲೂಕು ಮಟ್ಟದ ಖೋ ಖೋ ಪಂದ್ಯದಲ್ಲಿ ನಾವು ಒಂದೇ ಅಂಕದಿಂದ ಸೋತದ್ದು ನಿಮಗೆಲ್ಲ ಗೊತ್ತು. ಕಂಬದ ಹತ್ತಿರ ತಿರುಗುವಾಗ ನಾನು ಜಾರಿ ಬಿದ್ದೆ, ಎದುರಿನವನು ತಪ್ಪಿಸಿಕೊಂಡ. “ಮಣ್ಣು ಸರಿ ಇರಲಿಲ್ಲ, ಪಾಪ ಅವನದೇನು ತಪ್ಪು” ಅಂತ ನೀವೆಲ್ಲ ಅಂದಿರಿ. ಮಣ್ಣು ಚೆನ್ನಾಗಿಯೇ ಇತ್ತು. ಪಂದ್ಯಕ್ಕೆ ಮುಂಚೆ ಪಿ.ಟಿ. ಸರ್ ದಿನಾ ಸಂಜೆ ಬರೀ ಕೂತು ಏಳುವುದು, ಕಂಬ ಸುತ್ತುವುದು, ಇವೆರಡನ್ನೇ ಮಾಡಿಸುತ್ತಿದ್ದರು. ನನಗೆ ಬೇಜಾರಾಯಿತು. ಓಡುವುದರಲ್ಲಿ ನಾನೇ ಮುಂದೆ, ಇದೆಲ್ಲಾ ಯಾಕೆ ಅಂದುಕೊಂಡು ಹೊಟ್ಟೆನೋವು ಅಂತ ಸುಳ್ಳು ಹೇಳಿ ಆರು ದಿನ ಮನೆಗೆ ಹೋದೆ. ಮನೆಯಲ್ಲಿ ಕೂತು ಮಾಡಿದ್ದೇನು? ಇದೇ ಕಾರ್ಟೂನು ನೋಡಿದ್ದು, ಅದೂ ಫೈಟಿಂಗ್ ಮಾತ್ರ. ಆ ಆರು ದಿನದ ಅಭ್ಯಾಸವನ್ನೂ ನಾನು ಮುಂದಕ್ಕೆ ಓಡಿಸಿಬಿಟ್ಟಿದ್ದೆ. ಸೋತು ಬಂದ ಮೇಲೆ ಬಿಟ್ಟಿದ್ದ ಕಂತುಗಳನ್ನು ಕೂತು ನೋಡಿದೆ. ಗೋಹಾನ್ ಮನೆಯ ಹತ್ತಿರ ಬಂದು ವಾಪಸ್ ಹೋಗುವಾಗ ನನಗೆ ನಾಚಿಕೆ ಆಯಿತು. ಅವನಿಗೆ ನಾಲ್ಕು ವರ್ಷ, ನನಗೆ ಹದಿಮೂರು.

ತಂಡದ ಗೆಳೆಯರೇ, ಸರ್, ನನ್ನನ್ನು ಕ್ಷಮಿಸಿ. ಮುಂದಿನ ವರ್ಷ ನಾನು ಈ ಶಾಲೆಯಲ್ಲಿ ಇರುವುದಿಲ್ಲ, ಹೈಸ್ಕೂಲಿಗೆ ಹೋಗುತ್ತೇನೆ. ಆರನೇ ತರಗತಿಯ ತಮ್ಮಂದಿರು ತಂಡಕ್ಕೆ ಬರುತ್ತಾರೆ. ಅವರಿಗೆ ನನ್ನದು ಒಂದೇ ಮಾತು. ಸರ್ ಕಂಬ ಸುತ್ತು ಅಂದರೆ ಸುತ್ತಿ. ಅದು ಫಿಲ್ಲರ್ ಅಲ್ಲ.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ತಪ್ಪದೆ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ